ಮದ್ದು ಮದ್ದಾಗಿಯೇ ಉಳಿಯಬೇಕಾದರೆ

ಹೊಸೂರಿಗೆ ಹೊಂದಿಕೊಂಡಿರುವ ಆಲಸನತ್ತಂ ನಮ್ಮ ವಾಚಕರಲ್ಲಿ ಅನೇಕರು ಕೇಳಿರದ ಹೆಸರು. ಆದರೆ ಆ ಸೀಮೆಯ ಕನ್ನಡ ಮನೆಗಳ ಪಾಡು ನಮಗೆ ಹೊಸತಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅವರು ಮದ್ರಾಸು ರಾಜ್ಯದಲ್ಲೇ ಉಳಿದರು.

ಆ ಸೀಮೆಗೂ ಕುದುರೆಗೂ ಹಳೆಯ ನಂಟು. ಹೊಸೂರು ಬಳಿಯ ಮತ್ತಿಗಿರಿಯ ಸರಕಾರಿ ಜಾನುವಾರು ಕ್ಷೇತ್ರ 1824ರಲ್ಲಿ ಆರಂಭವಾದುದೇ ಸೈನ್ಯದ ಕುದುರೆಗಳಿಗಾಗಿ. ಅಂದು ಪೆನ್ಸಿಲಿನ್ ಇರಲಿಲ್ಲ. ಗಾಯ ಕೀವಾಗಿ ನಂಜೇರಿದರೆ ಕುದುರೆಯ ಆಸೆ ಬಿಡಬೇಕಾಗಿತ್ತು. ಇಂದು ಮದ್ದು ಇದೆ. ಅದನ್ನು ಬೇಕಾಬಿಟ್ಟಿ ಬಳಸಿ ನಾವೇ ಕೆಡಿಸುತ್ತಿದ್ದೇವೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರ ನೊಬೆಲ್ ಉಪನ್ಯಾಸದಲ್ಲಿ, ಕಡಿಮೆ ಪ್ರಮಾಣದ ಮದ್ದು ರೋಗಾಣುಗಳನ್ನು ಕೊಲ್ಲದೆ ಪಳಗಿಸುತ್ತದೆಂದು ಎಚ್ಚರಿಸಿದ್ದರು.

ಕುದುರೆಯ ವಿಷಯದಲ್ಲಿ ಅಪಾಯ ಇಮ್ಮಡಿ. ಅದು ತಿಂದ ಹುಲ್ಲು ಜೀರ್ಣವಾಗುವುದು ದೊಡ್ಡ ಕರುಳಿನ ಸೂಕ್ಷ್ಮಾಣುಗಳಿಂದ. ಹೊಂದದ ಆಂಟಿಬಯೋಟಿಕ್ ಹೊಟ್ಟೆಗೆ ಹೋದರೆ ಇವು ನಾಶವಾಗಿ, ಭೇದಿ ಹತ್ತಿ, ಪ್ರಾಣವೇ ಹೋಗಬಹುದು. ಮನುಷ್ಯರಿಗೆ ಕೊಡುವ ಲಿಂಕೋಮೈಸಿನ್, ಕ್ಲಿಂಡಾಮೈಸಿನ್ ಕುದುರೆಗೆ ವಿಷಪ್ರಾಯ. ವೈರಸ್‌ನಿಂದ ಬರುವ ಕುದುರೆ ಫ್ಲೂ ಜ್ವರಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ದವಡೆಯಡಿ ಗಡ್ಡೆ ಕಟ್ಟುವ ರೋಗದಲ್ಲೂ ಅನೇಕ ಸಲ ಕುದುರೆಯನ್ನು ಪ್ರತ್ಯೇಕವಾಗಿ ಕಟ್ಟಿ, ಶಾಖ ಕೊಟ್ಟು, ಗಡ್ಡೆ ಹಣ್ಣಾಗಿ ಕೀವು ಹೋಗಲು ಬಿಡುವುದೇ ಚಿಕಿತ್ಸೆ. ಚುಚ್ಚುಮದ್ದು ಬೇಕೋ ಬೇಡವೋ ಎಂಬುದನ್ನು ಪಶುವೈದ್ಯರು ಹೇಳಬೇಕು, ಅಂಗಡಿಯವನಲ್ಲ.

ಕುದುರೆಯೇ ಇಲ್ಲದ ನಮಗೇಕೆ ಈ ಚಿಂತೆ ಎನ್ನುವಂತಿಲ್ಲ. ಮದ್ದಿಗೆ ಬಗ್ಗದ ರೋಗಾಣು ಲದ್ದಿಯಿಂದ, ಗಾಯದಿಂದ ಲಾಯದವನ ಕೈಗೆ, ಅಲ್ಲಿಂದ ಮನೆಗೆ ಬರುತ್ತದೆ. ಹಟ್ಟಿಯ ಹಸು, ಗೂಡಿನ ಕೋಳಿಯ ವಿಷಯವೂ ಇದೇ. ಕೋಳಿ ಆಹಾರದಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಮನುಷ್ಯನಿಗೆ ಕೊನೆಯ ಆಸರೆಯಾದ ಮದ್ದು ಎಂಬ ಕಾರಣಕ್ಕೇ ಕೇಂದ್ರ ಸರಕಾರ 2019ರಲ್ಲಿ ಆ ಬಳಕೆಯನ್ನು ನಿಷೇಧಿಸಿತು. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳ 2024ರಲ್ಲಿ ‘ಆಪರೇಷನ್ ಅಮೃತ್’ ಆರಂಭಿಸಿತು. ಇದು ಸ್ವಾಗತಾರ್ಹ.

ಆದರೆ ಕಾನೂನು ಮಾಡಿದರೆ ಸಾಲದು, ಅದು ಜನರಿಗೆ ಅರ್ಥವಾಗಬೇಕು. ಪೊಟ್ಟಣದ ಬರಹ ಇಂಗ್ಲಿಷಿನದು. ಪ್ರಕಟಣೆ ಅಲ್ಲಿ ತಮಿಳಿನದು, ಇಲ್ಲಿ ಮಲಯಾಳದ್ದು. ಎಷ್ಟು ಮದ್ದು, ಎಷ್ಟು ದಿನ ಎಂಬುದು ತಿಳಿಯದ ಅಜ್ಜಿ ತಪ್ಪಿದರೆ ದೋಷ ಯಾರದು? ಗಡಿಭಾಗದ ಪಶು ಆಸ್ಪತ್ರೆಗಳಲ್ಲಿ ಕನ್ನಡದ ಸೂಚನಾ ಪತ್ರ ಕೊಡಬೇಕೆಂಬುದು ಭಾಷಾಭಿಮಾನದ ಮಾತಲ್ಲ, ಆರೋಗ್ಯದ ಮಾತು.

ಅಷ್ಟರತನಕ ನಾವು ಸುಮ್ಮನೆ ಕೂರುವಂತಿಲ್ಲ. ವೈದ್ಯರು ಹೇಳಿದ ಮದ್ದಿನ ಹೆಸರು, ಪ್ರಮಾಣ, ದಿನಗಳನ್ನು ಶಾಲೆಗೆ ಹೋಗುವ ಮಗುವಿನಿಂದ ಕನ್ನಡದಲ್ಲಿ ಬರೆಸಿ ಹಟ್ಟಿಯ ಗೋಡೆಗೆ ಅಂಟಿಸೋಣ. ಅವರು ಹೇಳಿದಷ್ಟು ದಿನ ಹಾಲನ್ನು ಸೊಸೈಟಿಗೆ ಹಾಕದಿರೋಣ. ಉಳಿದ ಮದ್ದನ್ನು ನೆರೆಯವರ ಪ್ರಾಣಿಗೆ ಕೊಡದಿರೋಣ. ಸಂಬಂಧಪಟ್ಟ ಇಲಾಖೆಗಳೂ ಇತ್ತ ಗಮನ ಹರಿಸಲಿ.