ಬೆಳೆದಂತೆ ಸರಿಹೋದೀತೆ?

ನಾನು ವೈದ್ಯನಲ್ಲ. ವಾಣಿಜ್ಯ ಶಾಸ್ತ್ರದಲ್ಲಿ ಪದವಿ ಪಡೆದು, ಎರಡು ದಶಕಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುತ್ತಿರುವವನು. ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನ ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಸಹಜವಾಗಿಯೇ ಹಿಂಜರಿದೆ. ಆದರೆ ತಂದೆಯಾಗಿ ನಾನು ಮಾಡಿದ ತಪ್ಪೊಂದನ್ನು ಹೇಳಿಕೊಂಡರೆ, ಈ ಮುಂಬಯಿಯಲ್ಲಿ ಸಂಸಾರ ಹೂಡಿರುವ ಮತ್ತೊಬ್ಬ ಕನ್ನಡಿಗನಾದರೂ ಅದರಿಂದ ಪಾರಾದಾನು ಎಂಬ ಆಶಯದಿಂದ ಲೇಖನಿ ಹಿಡಿದಿದ್ದೇನೆ.

ನನ್ನ ಮಗನಿಗೆ ಮೂರು ತಿಂಗಳು ತುಂಬಿದ ಸಮಯ. ಅವನು ಅತ್ತಾಗಲೆಲ್ಲ ಬಲ ತೊಡೆಸಂದಿನಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬೊಂದು ಕಾಣಿಸಿಕೊಳ್ಳುತ್ತಿತ್ತು. ಅಳು ನಿಂತೊಡನೆ ಮಾಯವಾಗುತ್ತಿತ್ತು. ಊರಿಗೆ ಫೋನು ಮಾಡಿದರೆ, "ಅಳುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ, ಬೆಳೆದಂತೆ ಸರಿಹೋಗುತ್ತದೆ" ಎಂಬ ಹಿರಿಯರ ಸಮಾಧಾನ ದೊರೆಯಿತು. ಆಗ ಜನವರಿಯ ಕೊನೆ. ವರ್ಷಾಂತ್ಯದ ಲೆಕ್ಕ ಮುಗಿಯಲಿ, ಆಮೇಲೆ ವೈದ್ಯರಿಗೆ ತೋರಿಸೋಣವೆಂದು ನಾನೂ ಸುಮ್ಮನಾದೆ. ಮಾರ್ಚ್ ಕೊನೆಯ ವಾರದ ಒಂದು ರಾತ್ರಿ ಆ ಉಬ್ಬು ಒಳಗೆ ಸರಿಯಲಿಲ್ಲ. ಗಟ್ಟಿಯಾಗಿ ಕೆಂಪಡರಿತು, ಮುಟ್ಟಿದರೆ ಮಗು ಚೀರುತ್ತಿತ್ತು, ಕುಡಿದ ಹಾಲನ್ನೆಲ್ಲ ಕಾರಿತು. ಆಸ್ಪತ್ರೆ ಸೇರುವಾಗ ಎರಡು ಗಂಟೆ. ಶಸ್ತ್ರವೈದ್ಯರು ಮಂಪರಿನ ಔಷಧ ಕೊಟ್ಟು, ಸಿಕ್ಕಿಕೊಂಡಿದ್ದ ಕರುಳನ್ನು ಮೆಲ್ಲನೆ ಒತ್ತಿ ಒಳಸೇರಿಸಿದರು. ಬಾವು ಇಳಿದ ಮೇಲೆ, ಎರಡು ದಿನ ಬಿಟ್ಟು ಶಸ್ತ್ರಚಿಕಿತ್ಸೆ ನಡೆಸಿದರು. ಮಗು ಉಳಿಯಿತು. "ಇದು ಎಷ್ಟು ದಿನಗಳಿಂದ ಇದೆ?" ಎಂದು ಅವರು ಕೇಳಿದಾಗ, "ಎರಡು ತಿಂಗಳಿಂದ" ಎಂದು ತಲೆತಗ್ಗಿಸಿ ಹೇಳಬೇಕಾಯಿತು. ಪರರ ಸಾಲದ ಕಂತು ತಪ್ಪಿದರೆ ನೋಟೀಸು ಕಳುಹಿಸುವ ನಾನು, ನನ್ನ ಮಗುವಿನ ವಿಷಯದಲ್ಲಿ ಮುದ್ದತು ಮೀರಿಸಿ ಕುಳಿತಿದ್ದೆ.

ಆ ಉಬ್ಬು ಹರ್ನಿಯಾ. ಗರ್ಭದಲ್ಲಿ ಗಂಡು ಶಿಶುವಿನ ವೃಷಣವು ಹೊಟ್ಟೆಯಿಂದ ಕೆಳಗಿಳಿಯುವಾಗ ಜೊತೆಯಲ್ಲಿ ಒಂದು ಪೊರೆಯ ಚೀಲವೂ ಇಳಿಯುತ್ತದೆ. ಅದು ಮುಚ್ಚಿಕೊಳ್ಳದೆ ಉಳಿದರೆ ಕರುಳು ಅದರೊಳಗೆ ಜಾರುತ್ತದೆ. ತೊಡೆಸಂದಿನ ಹರ್ನಿಯಾ ತಾನಾಗಿ ವಾಸಿಯಾಗುವುದಿಲ್ಲ. ಪಟ್ಟಿ ಕಟ್ಟಿದರೂ ಪ್ರಯೋಜನವಿಲ್ಲ. ಹೆಣ್ಣುಮಕ್ಕಳಲ್ಲಿಯೂ ಇದು ಉಂಟು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ಹೆಚ್ಚು. ಮಗು ಎಳೆಯದಾದಷ್ಟೂ ಕರುಳು ಸಿಕ್ಕಿಕೊಳ್ಳುವ ಅಪಾಯವೂ ಹೆಚ್ಚು. ಆದುದರಿಂದ "ಸ್ವಲ್ಪ ದೊಡ್ಡವನಾಗಲಿ" ಎಂಬ ಕನಿಕರ ಇಲ್ಲಿ ಕನಿಕರವೇ ಅಲ್ಲ.

ಹಾಗೆಂದು ಹಿರಿಯರ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಬೆಳೆದಂತೆ ಸರಿಹೋಗುವವೂ ಇವೆ. ಹೊಕ್ಕುಳಿನ ಉಬ್ಬು ಬಹುಪಾಲು ಮಕ್ಕಳಲ್ಲಿ ೪-೫ ವರ್ಷಗಳೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ನಾಣ್ಯವಿಟ್ಟು ಕಟ್ಟುವ ರೂಢಿಯಿಂದ ಚರ್ಮ ಹುಣ್ಣಾದೀತೇ ಹೊರತು ಗುಣವಿಲ್ಲ. ನಾಣ್ಯಕ್ಕೆ ಬ್ಯಾಂಕೇ ಯೋಗ್ಯ ಸ್ಥಳ! ಎಳೆಗೂಸಿನ ವೃಷಣದ ಸುತ್ತ ನೀರು ತುಂಬಿದ ಊತವೂ ಸಾಮಾನ್ಯವಾಗಿ ೧-೨ ವರ್ಷಗಳಲ್ಲಿ ಇಳಿಯುತ್ತದೆ. ಆದರೆ ಯಾವ ಉಬ್ಬು ಕಾಯಬಲ್ಲದು, ಯಾವುದು ಕಾಯಲಾರದು ಎಂದು ನಿರ್ಣಯಿಸಬೇಕಾದವರು ಯಾರು? ಊರಿನ ಫೋನಲ್ಲ, ನಮ್ಮ ಬಿಡುವಿನ ವೇಳೆಯೂ ಅಲ್ಲ. ಕಾದು ನೋಡುವುದೂ ಒಂದು ಚಿಕಿತ್ಸೆಯೇ. ಅದನ್ನು ವೈದ್ಯರೇ ಹೇಳಬೇಕು. ನನ್ನ ವಾದದ ಸಾರವಿಷ್ಟೇ.

ಇಂತಹ ವ್ಯಾಧಿಗಳಿಗೆ ಒಂದೊಂದಕ್ಕೂ ಒಂದೊಂದು ಮುದ್ದತು ಇದೆ. ಕೆಲವಕ್ಕೆ ಗಂಟೆಗಳ ಲೆಕ್ಕ. ಹುಟ್ಟಿದ ಕೂಸು ಹಸಿರು ಬಣ್ಣದ ವಾಂತಿ ಮಾಡಿದರೆ, ಕರುಳು ತಿರುಚಿಕೊಂಡು ಅದರ ರಕ್ತಸಂಚಾರ ನಿಂತಿರಬಹುದೆಂದು ಶಂಕಿಸಬೇಕು. ಅಮೆರಿಕದ ಬೋಸ್ಟನ್ ನಗರದ ವಿಲಿಯಂ ಲ್ಯಾಡ್ ೧೯೩೬ರಲ್ಲಿಯೇ ಇದರ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ್ದಾರೆ. ಬೆಳಗಾಗಲಿ ಎಂದು ಕಾದರೆ ಕರುಳೇ ಕೊಳೆತುಹೋದೀತು. ಇನ್ನು ೪ರಿಂದ ೧೦ ತಿಂಗಳ ಆಸುಪಾಸಿನ ಮಗು ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರಿ, ಕೆಲವು ನಿಮಿಷ ಸುಮ್ಮನಾಗಿ, ಮತ್ತೆ ಚೀರಿದರೆ, ಕರುಳಿನ ಒಂದು ಭಾಗ ಮತ್ತೊಂದರೊಳಗೆ ಅಂಗಿಯ ತೋಳು ಒಳಮಡಚಿದಂತೆ ತೂರಿಕೊಂಡಿರಬಹುದು. ರಕ್ತ ಮತ್ತು ಲೋಳೆ ಬೆರೆತ ಮಲ ಬರುವವರೆಗೂ ಕಾಯಬಾರದು. ಬೇಗ ಹೋದರೆ ಗುದದ್ವಾರದ ಮೂಲಕ ಗಾಳಿ ಅಥವಾ ಲವಣದ್ರಾವಣ ಹಾಯಿಸಿ, ಹೊಟ್ಟೆ ಕೊಯ್ಯದೆಯೇ ಬಹುಪಾಲು ಮಕ್ಕಳನ್ನು ಸರಿಪಡಿಸುತ್ತಾರೆ.

ಕೆಲವಕ್ಕೆ ವಾರಗಳ ಲೆಕ್ಕ. ಹುಟ್ಟಿದ ಕೂಸಿನ ಕಾಮಾಲೆ ಎರಡು ವಾರ ದಾಟಿಯೂ ಉಳಿದು, ಮಲ ಸುಣ್ಣದಂತೆ ಬಿಳಿಚಿದ್ದರೆ ಪಿತ್ತನಾಳ ಮುಚ್ಚಿಹೋಗಿರುವ ಸಂಭವವಿದೆ. ಎಳೆಬಿಸಿಲಿಗೆ ಹಿಡಿಯುವುದರಿಂದ ಇದು ಹೋಗದು. ಜಪಾನಿನ ಮೋರಿಯೊ ಕಸಾಯಿ ೧೯೫೦ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆ ಹುಟ್ಟಿದ ೬೦ ದಿನಗಳೊಳಗೆ ನಡೆದರೆ ಫಲ ಹೆಚ್ಚು. ತಡವಾದಷ್ಟೂ ಯಕೃತ್ತು ಕೆಡುತ್ತದೆ. ತೈವಾನಿನಲ್ಲಿ ೨೦೦೪ರಿಂದ ಮಲದ ಬಣ್ಣಗಳನ್ನು ಮುದ್ರಿಸಿದ ಚೀಟಿಯೊಂದನ್ನು ಬಾಣಂತಿಯರಿಗೆ ದೇಶಾದ್ಯಂತ ಕೊಡಲಾರಂಭಿಸಿದರು. ಒಂದು ಚೀಟಿಯ ಬೆಲೆ ಎಷ್ಟು, ಒಂದು ಯಕೃತ್ತಿನ ಬೆಲೆ ಎಷ್ಟು!

ಇನ್ನು ಕೆಲವಕ್ಕೆ ತಿಂಗಳುಗಳ ಲೆಕ್ಕ. ಗಂಡು ಮಗುವಿನ ವೃಷಣ ಚೀಲಕ್ಕಿಳಿಯದೆ ಮೇಲೆಯೇ ಉಳಿದಿದ್ದರೆ, ಮೊದಲ ೬ ತಿಂಗಳಲ್ಲಿ ಇಳಿಯುವ ಸಾಧ್ಯತೆಯುಂಟು, ಆಮೇಲೆ ಅಪರೂಪ. ೧೮ ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಒಳ್ಳೆಯದು. ತಡವಾದರೆ ಮುಂದೆ ಸಂತಾನಶಕ್ತಿ ಕುಂದಬಹುದು. ಅರ್ಬುದದ ಸಂಭವವೂ ಹೆಚ್ಚುತ್ತದೆ. ಆದರೂ ನಾಚಿಕೆಯಿಂದಲೋ ಅಲಕ್ಷ್ಯದಿಂದಲೋ ಇದು ಶಾಲೆಗೆ ಹೋಗುವ ವಯಸ್ಸಿನವರೆಗೂ ಮನೆಯವರ ಗಮನಕ್ಕೆ ಬಾರದಿರುವುದುಂಟು.

ನಮ್ಮಂತಹ ಹೊರನಾಡ ಕನ್ನಡಿಗರ ಸಂಸಾರಗಳಲ್ಲಿ ಈ ಅಪಾಯ ಇಮ್ಮಡಿ ಎಂಬುದು ನನ್ನ ಅಭಿಪ್ರಾಯ. ಮಗುವಿಗೆ ಎಣ್ಣೆ ನೀರು ಎರೆಯುವ ಅನುಭವಸ್ಥ ಕೈಗಳು ಊರಿನಲ್ಲಿ ಉಳಿದಿವೆ. ಅವರ ಸಲಹೆ ಮಾತ್ರ, ಮಗುವನ್ನು ಕಣ್ಣಾರೆ ನೋಡದೆಯೇ, ನಮ್ಮನ್ನು ತಲುಪುತ್ತದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಖಾಸಗಿ ಶಾಲೆಗೆ ದುಬಾರಿ ಶುಲ್ಕ ತೆರುವ ನಮ್ಮ ಮಕ್ಕಳನ್ನು ನಾವೇ ಕರೆದೊಯ್ಯದಿದ್ದರೆ ನೋಡುವವರಿಲ್ಲ. ವೈದ್ಯರ ಕೊರತೆಯೂ ಇಲ್ಲಿಲ್ಲ. ಪರೇಲಿನಲ್ಲಿ ಮಕ್ಕಳಿಗೆಂದೇ ಮೀಸಲಾದ ವಾಡಿಯಾ ಆಸ್ಪತ್ರೆ ೧೯೨೯ರಲ್ಲಿಯೇ ಸ್ಥಾಪನೆಯಾಯಿತು. ಎಳೆಯ ಮಕ್ಕಳ ಶಸ್ತ್ರಚಿಕಿತ್ಸೆ ಹಾಗೂ ಅರಿವಳಿಕೆ ಇಂದು ಪ್ರತ್ಯೇಕ ವಿದ್ಯೆಗಳಾಗಿ ಬೆಳೆದಿವೆ. ಕೊರತೆಯಿರುವುದು ನಮ್ಮ ತಿಳಿವಳಿಕೆಯಲ್ಲಿ.

ನಮ್ಮ ಸಂಘ ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ಬಹಳ ದೊಡ್ಡದೇನಲ್ಲ. ಸದಸ್ಯರ ಮನೆಯಲ್ಲಿ ಮಗು ಹುಟ್ಟಿದಾಗ, ಮೇಲೆ ಹೇಳಿದ ಲಕ್ಷಣಗಳನ್ನು ಸರಳ ಕನ್ನಡದಲ್ಲಿ ಮುದ್ರಿಸಿದ ಒಂದು ಚೀಟಿಯನ್ನು ಶುಭಾಶಯದೊಡನೆ ಕಳುಹಿಸಲಿ. ವರ್ಷಕ್ಕೊಂದು ಭಾನುವಾರ ಮಕ್ಕಳ ಶಸ್ತ್ರವೈದ್ಯರೊಬ್ಬರನ್ನು ಆಹ್ವಾನಿಸಿ ತಪಾಸಣೆ ಏರ್ಪಡಿಸಲಿ. ಅಪರಾತ್ರಿಯಲ್ಲಿ ವಾಹನ ಒದಗಿಸಬಲ್ಲ ಸದಸ್ಯರ ಪಟ್ಟಿಯೊಂದು ಸಿದ್ಧವಿರಲಿ. ಇವೆಲ್ಲಕ್ಕೂ ಈ ಸಂಚಿಕೆಯ ಒಂದೆರಡು ಪುಟಗಳ ಜಾಹೀರಾತಿನ ಹಣ ಸಾಕಾದೀತು.

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಈ ಬಾರಿಯ ರಾಜ್ಯೋತ್ಸವದ ನಾಟಕದಲ್ಲಿ ಅವನಿಗೊಂದು ಸಣ್ಣ ಪಾತ್ರವಿದೆ. ಅವನು ವೇದಿಕೆಯ ಮೇಲೆ ಓಡಾಡುವುದನ್ನು ಕಂಡಾಗಲೆಲ್ಲ ಆ ಮಾರ್ಚ್ ತಿಂಗಳ ರಾತ್ರಿ ನೆನಪಾಗುತ್ತದೆ. ಅಂತಹ ರಾತ್ರಿ ಬೇರೆ ಯಾವ ಮನೆಗೂ ಬಾರದಿರಲಿ. ಕಾರ್ಯಕಾರಿ ಸಮಿತಿಯವರು ಇತ್ತ ಗಮನ ಹರಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.