ಮೊದಲ ಕಲ್ಲು ಬಸ್ಸಿಗೇ ಯಾಕೆ?

ಗಡಿಯ ಬಗ್ಗೆ ವೇದಿಕೆಯಲ್ಲಿ ಗುಡುಗುವವರು ಒಮ್ಮೆಯಾದರೂ ಕೆಂಪು ಬಸ್ಸಿನಲ್ಲಿ ಒಬ್ಬರೇ ಕೂತು ಗಡಿ ದಾಟಬೇಕು.

ನಾನು ಹಾಗೆ ಹೋದದ್ದು ಸಾಹಸಕ್ಕಲ್ಲ, ಜೇಬಿನಲ್ಲಿ ಬಸ್ಸಿಗಷ್ಟೇ ಕಾಸಿತ್ತು. ವಿಜಯಪುರದಿಂದ ಅಥಣಿ, ಕಾಗವಾಡ, ಮಿರಜ್; ಅಲ್ಲಿಂದ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. ಕಾಗವಾಡ ದಾಟಿದ ಮೇಲೆ ಅಂಗಡಿ ಫಲಕಗಳ ಲಿಪಿ ಬದಲಾಯಿತು, ಬಸ್ಸಿನೊಳಗಿನ ಮಾತು ಬದಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ತೊಡೆಯ ಮೇಲೆ ಎಕ್ಸ್‌ರೇ ಕವರು.

‘ಎಲ್ಲಿಗೆ ಹೊಂಟೀರಿ, ಆಯಿ?’

‘ಮಿರಜಿ ದವಾಖಾನಿಗಪ್ಪಾ. ಹ್ವಾದ ಸಲ ಬಸ್ಸ ಬಂದಾಗಿ ತಿರುಗಿ ಮನಿಗಿ ಹೋಗಿದ್ನಿ.’

1956ರಲ್ಲಿ ರಾಜ್ಯಗಳ ಗೆರೆ ಎಳೆದರು. 1967ರಲ್ಲಿ ಮಹಾಜನ ವರದಿ ಬಂತು. ಅಂದಿನಿಂದ ಜಗಳ ಎದ್ದಾಗಲೆಲ್ಲ ಎರಡೂ ಕಡೆ ಮಸಿ, ಕಲ್ಲು ಬೀಳುವುದು ಬಸ್ಸಿಗೆ. ನಾಯಕರ ಕಾರು ನಿಲ್ಲುವುದಿಲ್ಲ. ಅಜ್ಜಿಯ ಬಸ್ಸು ನಿಲ್ಲುತ್ತದೆ.

ಹಾಗಾದರೆ ಬೆಳಗಾವಿ ಬಿಟ್ಟುಕೊಡೋಣವೇ ಎಂದು ಕೇಳುತ್ತೀರಿ. ಖಂಡಿತ ಬೇಡ. ಮಹಾಜನ ವರದಿಯೇ ಅಂತಿಮ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಜತ್ತ, ಅಕ್ಕಲಕೋಟೆಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಅಲ್ಲಿನ ಮಕ್ಕಳನ್ನು ನಮ್ಮೊಂದಿಗೆ ಜೋಡಿಸಿರುವುದು ಘೋಷಣೆಯಲ್ಲ, ಪುಸ್ತಕ, ಮೇಷ್ಟ್ರು, ದಿನಾ ಓಡಾಡುವ ಬಸ್ಸು. ಅದನ್ನು ನಿಲ್ಲಿಸಿದರೆ ಸೋಲುವುದು ಕನ್ನಡವೇ.

ಮಸಿ ಬಳಿದ ಬಸ್ಸಿನ ವಿಡಿಯೊ ಮುಂದಿನ ಸಲ ನಿಮ್ಮ ಮೊಬೈಲಿಗೆ ಬಂದಾಗ, ಹಂಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಬಸ್ಸಿನಿಂದ ಇಳಿದವರು ಆ ದಿನ ಊರು ಸೇರಿದ್ದು ಹೇಗೆ?