ಎರಡು ಸಿಂಗಾಪುರಗಳ ಕತೆ ಕೇಳಿ!



ಸಿಂಗಾಪುರ ಎಂದೊಡನೆ ನಿಮಗೆ ನೆನಪಾಗುವುದು ವಿಮಾನ ಹತ್ತಿ ಹೋಗುವ ಊರು. ವಿದ್ಯಾರಣ್ಯಪುರದ ಪಕ್ಕದಲ್ಲೇ ನಮ್ಮದೂ ಒಂದು ಸಿಂಗಾಪುರ ಇದೆ. 2020ರಲ್ಲಿ ಕೊರೊನಾ ಎರಡೂ ಕಡೆ ಶಾಲೆ ಮುಚ್ಚಿಸಿತು. ಆಮೇಲೇನಾಯಿತು?

ಆ ಸಿಂಗಾಪುರ 2018ರಲ್ಲೇ ದೇಶದ ಶಾಲೆಗಳಿಗೆಲ್ಲ ಒಂದೇ ಆನ್‌ಲೈನ್ ಪಾಠದ ವ್ಯವಸ್ಥೆ ಕಟ್ಟಿಟ್ಟಿತ್ತು. 2020ರ ಏಪ್ರಿಲ್ 8ರಿಂದ ಮಕ್ಕಳು ಮನೆಯಲ್ಲೇ ಕಲಿತರು. ಇಲ್ಲದವರಿಗೆ ಕಂಪ್ಯೂಟರ್ ಎರವಲು ಸಿಕ್ಕಿತು.

ನಮ್ಮಲ್ಲಿ? ಜೂನ್‌ನಲ್ಲಿ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ಜಗಳವೆಲ್ಲ ಫೀಸು ಕಟ್ಟುವವರ ಜಗಳ. ಸರ್ಕಾರಿ ಕನ್ನಡ ಶಾಲೆಯ ಮಗುವನ್ನು ಕೇಳಿದವರು ಯಾರು?

ಚಂದನ ವಾಹಿನಿಯಲ್ಲಿ ಕನ್ನಡದಲ್ಲೇ ಪಾಠ ಬಂತು, ಒಪ್ಪೋಣ. ಆದರೆ ಟಿವಿಯನ್ನು ಪ್ರಶ್ನೆ ಕೇಳಲಾಗುತ್ತದೆಯೇ? ಕರೆಂಟು ಹೋದರೆ ಆ ದಿನದ ಪಾಠವೂ ಹೋಯಿತು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿದರು. ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಸಮುದಾಯ ಭವನ ಹುಡುಕಿಕೊಂಡು ಹೋಗಿ ಪಾಠ ಮಾಡಿದರು. ಅವರಿಗೊಂದು ನಮಸ್ಕಾರ! ಆ ವರ್ಷ ನಿಜವಾಗಿ ಕೆಲಸ ಮಾಡಿದ 'ತಂತ್ರಜ್ಞಾನ' ಅವರ ಕಾಲುಗಳೇ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಅಕ್ಷರ ತಿದ್ದಬೇಕಾದ ಮಕ್ಕಳು ತಿದ್ದದೆಯೇ ಮುಂದಿನ ತರಗತಿಗೆ ಹೋದರು.

ಬೈಜೂಸ್, ಅನ್‌ಅಕಾಡೆಮಿ, ವೇದಾಂತು ಮೂರೂ ನಮ್ಮ ಬೆಂಗಳೂರಿನ ನೀರು ಕುಡಿದು ಬೆಳೆದ ಕಂಪನಿಗಳು. ಇವುಗಳಲ್ಲಿ ಕನ್ನಡ ಶಾಲೆಯ ಮಗುವಿಗಾಗಿಯೇ ಹುಟ್ಟಿದ್ದು ಯಾವುದು, ಹೇಳಿ?

ಮುಗಿದ ಕತೆ ಅನ್ನಬೇಡಿ. 2024ರ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ದೋಣಿ ಓಡಿತು, ಬೆಂಗಳೂರಿನ ಶಾಲೆಗಳಿಗೆ ರಜೆ ಬಂತು. ನಾಳೆ ಮತ್ತೆ ಬಾಗಿಲು ಹಾಕಿದರೆ ಒಂದನೇ ತರಗತಿಯಿಂದ ಹತ್ತರವರೆಗಿನ ಕನ್ನಡ ಪಾಠ, ಇಂಟರ್‌ನೆಟ್ ಇಲ್ಲದೆಯೂ ನೋಡುವಂತೆ, ಪ್ರತಿ ಶಾಲೆಯಲ್ಲೂ ಸಿದ್ಧವಿರಬೇಕು. ಮೇಷ್ಟ್ರ ಕೈಗೆ ಎರವಲು ಕೊಡಲು ಫೋನುಗಳಿರಬೇಕು. ಇದು ನಮ್ಮ ಬೇಡಿಕೆ. ನಿಮ್ಮ ಶಾಸಕರ ಮುಂದೆ ಇಡಿ.

ಅಂದಹಾಗೆ, ಹೊಸ ಫೋನ್ ಕೊಂಡಿರಲ್ಲ, ಹಳೆಯದು ಬೀರುವಿನಲ್ಲೇ ಇದೆಯಲ್ಲವೇ? ಈ ಶನಿವಾರ ಅದನ್ನು ಹಿಡಿದು ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಹೋಗಿ, ಮೇಷ್ಟ್ರನ್ನು ಮಾತಾಡಿಸಿ.